ವಾಟಿಯ ಜೋಡಿ ವಿಮಾನ

ಏಳನೆಯ ಸಲವೂ ವಿಮಾನ ಎಡಕ್ಕೆ ಹೊರಳಿ ತೆಂಗಿನ ತೋಪಿಗೆ ನುಗ್ಗಿತು. ರೆಕ್ಕೆ ಮುರಿದು ಹಾರಿತು, ಪರದೆಯ ತುಂಬ ಬೆಂಕಿ ಎದ್ದಿತು, ಆಮೇಲೆ ಎಲ್ಲ ಕಪ್ಪು. ರೇಲೀನ್ ಸ್ಟಿಕ್ಕಿನಿಂದ ಕೈ ತೆಗೆದು ಅಂಗೈಯ ಬೆವರನ್ನು ತೊಡೆಗೆ ಒರೆಸಿಕೊಂಡಳು.

"ಬಲಗಾಲು ತಾಯಿ, ಬಲಗಾಲು!" ಹೆಡ್‌ಫೋನಿನಲ್ಲಿ ಸ್ಪಿರೋ ಕೂಗಿದ. "ಇಂಜಿನ್ ಜೋರು ಮಾಡಿದ ತಕ್ಷಣ ಅದು ಎಡಕ್ಕೆ ಎಳೆಯತ್ತೆ ಅಂತ ಎಷ್ಟು ಸಲ ಬಡ್ಕೊಳ್ಲಿ? ಕಾಲು ಪೆಡಲ್ ಮೇಲೆ ಇಟ್ಟಿದೀಯೋ, ಬೆಕ್ಕಿನ ಮೇಲೆ ಇಟ್ಟಿದೀಯೋ?"

ರೇಲೀನ್ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡು ಟೈಪ್ ಮಾಡಿದಳು: "ತೋಪಿನಲ್ಲಿ ಇನ್ನೂ ಮರಗಳು ಉಳಿದಿವೆ."

ಸ್ಪಿರೋ ನಕ್ಕ ಅಬ್ಬರಕ್ಕೆ ಅವಳ ಕಿವಿ ಗುಯ್ಗುಟ್ಟಿತು.

ರೆನ್‌ಮಾರ್ಕ್ ಊರಿನ ಕಿತ್ತಳೆ ಪ್ಯಾಕಿಂಗ್ ಶೆಡ್ಡಿನಲ್ಲಿ ಇಬ್ಬರದೂ ಕೆಲಸ. ಸ್ಪಿರೋ ಹಣ್ಣು ವಿಂಗಡಿಸುವ ಯಂತ್ರದ ಮೇಲ್ವಿಚಾರಕ. ರೇಲೀನ್ ಹತ್ತೊಂಬತ್ತು ವರ್ಷದಿಂದ ಹಣ್ಣಿನ ತೊಟ್ಟಿ ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವವಳು. ಒಂದು ಶುಕ್ರವಾರ ಊಟ ಮುಗಿಸಿ ಬಂದಾಗ ಅವಳ ಗಾಡಿಯ ಸೀಟಿನ ಮೇಲೆ ಕಿತ್ತಳೆಯ ರಟ್ಟಿನ ಪೆಟ್ಟಿಗೆಯೊಂದು ಕೂತಿತ್ತು. ಒಳಗೆ ಹಳೆಯ ಜಾಯ್‌ಸ್ಟಿಕ್, ಒಂದು ಜೊತೆ ಪೆಡಲ್.

"ನಾನು ಹೊಸದು ತಗೊಂಡೆ, ಇದು ಮನೇಲಿ ಧೂಳು ತಿಂತಾ ಇತ್ತು" ಎಂದಿದ್ದ ಸ್ಪಿರೋ. "ಅರ್ಧ ಟನ್ ಹಣ್ಣಿನ ತೊಟ್ಟೀನ ಗೋಡೆಗೆ ಒಂದು ಬೆರಳು ಜಾಗ ಬಿಟ್ಟು ಇಡ್ತೀಯಲ್ಲ, ಆ ಕೈ ಸುಮ್ನೆ ಯಾಕೆ ವೇಸ್ಟ್ ಮಾಡ್ತೀಯ? ಕಂಪ್ಯೂಟರಲ್ಲಿ ವಿಮಾನ ಹಾರ್ಸಿ ನೋಡು. ಭಾನುವಾರ ಸೇರಿ ಆಡೋ ನಮ್ಮ ಗುಂಪಲ್ಲಿ ಹದಿನೈದು ಜನ ಇದೀವಿ. ಎಲ್ಲ ಕೂದಲು ಉದುರಿದೋರೇ."

ಅವಳಿಗೆ ಐವತ್ತೆರಡು. ವಿಮಾನದಲ್ಲಿ ಕೂತದ್ದು ಜೀವನದಲ್ಲಿ ಎರಡೇ ಸಲ, ಎರಡೂ ಸಲ ನಡುವಿನ ಸೀಟು. ಆದರೂ ಪೆಟ್ಟಿಗೆಯನ್ನು ಮನೆಗೆ ತಂದಳು. ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಒಂದು ಇಡೀ ರಾತ್ರಿ ಬೇಕಾಯಿತು. ಯಾವ ಗುಂಡಿ ಯಾವುದಕ್ಕೆ ಎಂದು ಹಳದಿ ಚೀಟಿಗಳಲ್ಲಿ ಬರೆದು ಪರದೆಯ ಸುತ್ತ ಅಂಟಿಸಲು ಶನಿವಾರದ ಬೆಳಗು ಹೋಯಿತು. ಆಟದ ಜಗತ್ತು ಎರಡನೇ ಮಹಾಯುದ್ಧದ ನ್ಯೂಗಿನಿ, ಮಿಲ್ನ್ ಕೊಲ್ಲಿ, ವಿಮಾನಗಳಿಗೆಂದು ಕಬ್ಬಿಣದ ಜಾಲರಿ ಹಾಸಿದ ಓಡುದಾರಿ, ಅದರ ಪಕ್ಕದಲ್ಲೇ ಈ ಹಾಳು ತೆಂಗಿನ ತೋಪು. ಕಿಟ್ಟಿಹಾಕ್ ವಿಮಾನದ ಮೂತಿ ಎಷ್ಟು ಉದ್ದವೆಂದರೆ ನೆಲದ ಮೇಲಿದ್ದಾಗ ಮುಂದೆ ಆಕಾಶವಲ್ಲದೆ ಬೇರೇನೂ ಕಾಣದು.

ಎಂಟನೆಯ ಸಲ ಅವಳು ಚಪ್ಪಲಿ ಕಳಚಿ ಬರಿಗಾಲನ್ನು ಪೆಡಲಿನ ಮೇಲಿಟ್ಟಳು. ಇಂಜಿನ್ನನ್ನು ಒಮ್ಮೆಲೇ ಜೋರು ಮಾಡದೆ, ತುಂಬಿದ ತೊಟ್ಟಿಯನ್ನು ಎತ್ತುವಾಗಿನಂತೆ ಇಷ್ಟಿಷ್ಟೇ ಏರಿಸಿದಳು. ಮೂತಿ ಎಡಕ್ಕೆ ಎಳೆಯಿತು. ಬಲಗಾಲು ಒತ್ತಿದಳು. ಮತ್ತೆ ಎಳೆಯಿತು, ಮತ್ತೆ ಒತ್ತಿದಳು. ಬಾಲ ಮೇಲೆದ್ದಿತು, ಇದ್ದಕ್ಕಿದ್ದಂತೆ ದಾರಿಯ ಉದ್ದಕ್ಕೂ ಕಣ್ಣು ಹಾಯಿತು, ಚಕ್ರಗಳ ಗಡಗಡ ಸದ್ದು ನಿಂತಿತು. ತೆಂಗಿನ ಗರಿಗಳು ಕೆಳಗೆ ಸರಿದುಹೋದವು. ಮುಂದೆ ಇಡೀ ಕೊಲ್ಲಿ, ನೀಲಿ, ಅದರ ಮೇಲೆ ತನ್ನದೇ ವಿಮಾನದ ಪುಟ್ಟ ನೆರಳು.

ರೇಲೀನ್ ಕುರ್ಚಿಯಲ್ಲೇ ಕಿರುಚಿದಳು. ಮಾತಲ್ಲ, ಬರೀ ಕೂಗು; ಸ್ಟಿಕ್ಕನ್ನು ಬಿಗಿಹಿಡಿದ ಹೆಬ್ಬೆರಳು ಮೈಕಿನ ಗುಂಡಿಯನ್ನೂ ಒತ್ತಿಬಿಟ್ಟಿತ್ತು.

"ಓಹೋ! ಹೊಟ್ಟೇಲಿ ದನಿ ಇಟ್ಕೊಂಡಿದೀಯ ಹಾಗಾದ್ರೆ" ಎಂದ ಸ್ಪಿರೋ.

ಅವಳ ಮಾತು ತೊದಲುತ್ತಿತ್ತು. ಆರು ವರ್ಷದವಳಿದ್ದಾಗಿನಿಂದಲೂ ಕೆಲವು ಅಕ್ಷರಗಳು ಗಂಟಲಿನಲ್ಲಿ ಅಗುಳಿ ಹಾಕಿಕೊಂಡು ಕೂರುತ್ತಿದ್ದವು. ಎದುರಿನವರು ಅವಳ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದರು, ಇಲ್ಲವೇ ತಾವೇ ಆ ಪದ ಮುಗಿಸಿಕೊಡುತ್ತಿದ್ದರು, ಬಹಳ ಸಲ ತಪ್ಪಾಗಿ. ಶೆಡ್ಡಿನಲ್ಲಿ ಎಲ್ಲರ ಸೊಂಟದಲ್ಲೂ ವಾಕಿಟಾಕಿ ಇತ್ತು. ಅವಳದು ಮಾತ್ರ ಹಾರ್ನ್. ಒಂದು ಸಲ ಒತ್ತಿದರೆ ದಾರಿ ಬಿಡಿ, ಎರಡು ಸಲ ಒತ್ತಿದರೆ ಕೆಲಸ ಮುಗಿಯಿತು. ಹತ್ತೊಂಬತ್ತು ವರ್ಷ ಅಷ್ಟರಲ್ಲೇ ಕಳೆದಿತ್ತು. ಆಟದಲ್ಲೂ ಮೈಕಿನ ಗುಂಡಿ ಒತ್ತದೆ ಟೈಪ್ ಮಾಡುತ್ತಿದ್ದಳು. ಆದರೆ ಹಾರುತ್ತ ಟೈಪ್ ಮಾಡಲು ಹೋದವರು ನೆಲ ಸೇರುತ್ತಾರೆ, ಅವಳೂ ಮೂರು ಸಲ ಸೇರಿದಳು.

ಗುಂಪಿನ ನಾಯಕ ವಾಟಿ. ನ್ಯೂಜಿಲೆಂಡಿನ ಓಮರೂ ಊರಿನವನು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು, ವಯಸ್ಸು ಎಪ್ಪತ್ತೊಂದು. ಅವನ ಮುಖವನ್ನು ಯಾರೂ ನೋಡಿರಲಿಲ್ಲ. ಕೆಮ್ಮು ಎಲ್ಲರಿಗೂ ಪರಿಚಿತ. ಮೊದಲ ಭಾನುವಾರ ಅವಳು ಟೈಪ್ ಮಾಡಿ ತನ್ನ ಮಾತಿನ ತೊಂದರೆ ತಿಳಿಸಿದಾಗ ಅವನು ಒಂದು ಸಲ ಕೆಮ್ಮಿದ.

"ಮೈಕಿನ ಗುಂಡಿ ಒತ್ತಿ ಬಿಟ್ರೆ ನನ್ನ ಕಿವಿಗೆ ಟಿಕ್ ಅನ್ನತ್ತೆ" ಎಂದ ಆಮೇಲೆ. "ಎರಡು ಟಿಕ್ ಅಂದ್ರೆ ಹೌದು, ಒಂದು ಅಂದ್ರೆ ಇಲ್ಲ. ನಾನಂತೂ ವಟವಟ ಅಂತಾನೇ ಇರ್ತೀನಿ ಹುಡುಗಿ. ಜೋಡೀಲಿ ಒಬ್ರು ಬಾಯಿ ಮುಚ್ಕೊಂಡಿದ್ರೆ ಒಳ್ಳೇದೇ. ಆಗ್ಬಹುದಾ?"

ಟಿಕ್ ಟಿಕ್.

ಹೀಗೆ ಅವಳು ವಾಟಿಯ ಜೋಡಿ ವಿಮಾನವಾದಳು. ಅವನ ಎಡಕ್ಕೆ, ತುಸು ಹಿಂದೆ, ಅವನ ಬೆನ್ನು ಕಾಯುತ್ತ. ಭಾನುವಾರಗಳಿಗಾಗಿ ಕಾಯುವುದು ಅಭ್ಯಾಸವಾಯಿತು. ಶತ್ರುಗಳ ಝೀರೊ ವಿಮಾನದ ಜೊತೆ ಸುತ್ತು ಹೊಡೆಯಬಾರದು, ಮೇಲಿಂದ ಎರಗಿ ಹೊಡೆದು ಹಾಗೇ ಓಡಬೇಕು ಎಂದು ವಾಟಿ ಕಲಿಸಿದ. ಕತ್ತು ತಿರುಗಿಸುತ್ತಲೇ ಇರಬೇಕು ಎಂದೂ ಕಲಿಸಿದ. ಸೋಮವಾರ ಶೆಡ್ಡಿನಲ್ಲಿ ಅವಳು ಸುಮ್ಮಸುಮ್ಮನೆ ಹಿಂದೆ ತಿರುಗಿ ನೋಡುವುದನ್ನು ಕಂಡು ಸ್ಪಿರೋ, "ಏನೂ ಇಲ್ಲ ಬಿಡು, ಅಲ್ಲಿರೋದು ಬರೀ ಮ್ಯಾನೇಜರು" ಎನ್ನುತ್ತಿದ್ದ.

ಒಂದೇ ವಿಷಯ ಒಲಿಯಲಿಲ್ಲ: ಇಳಿಯುವುದು. ಮೂವತ್ತೊಂದು ಸಲ ಇಳಿದಿದ್ದಳು, ವಿಮಾನ ಇಡಿಯಾಗಿ ಉಳಿದದ್ದು ಒಂಬತ್ತು ಸಲ.

ಗುಂಪಿನ ನಿಯಮ ಕಠಿಣವಾಗಿತ್ತು. ಆಟದಲ್ಲಿ ಸತ್ತರೆ ಆ ಪೈಲಟ್ ಸತ್ತಂತೆಯೇ. ಹೆಸರು, ಹಾರಿದ ಲೆಕ್ಕ, ಎಲ್ಲ ಅಳಿಸಿಹೋಗುತ್ತದೆ. ಹೊಸ ಹೆಸರಿನಲ್ಲಿ ಸೊನ್ನೆಯಿಂದ ಶುರು. ಉಳಿದವರು ಇಳಿಯುವವರೆಗೆ ಸತ್ತವರು ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ. ಸ್ಪಿರೋ ಹದಿನಾಲ್ಕು ಸಲ ಸತ್ತಿದ್ದ. ವಾಟಿಯ ಪೈಲಟ್ ಹನ್ನೊಂದು ತಿಂಗಳಿಂದ ಬದುಕಿದ್ದ. ಪ್ರತಿ ಹಾರಾಟವನ್ನೂ ವಾಟಿ ಒಂದು ಪುಸ್ತಕದಲ್ಲಿ ಪೆನ್ನಿನಿಂದ ಬರೆದಿಡುತ್ತಿದ್ದ. "ಈ ಪುಣ್ಯಾತ್ಮ ಸತ್ತ ದಿನ ನಾನೂ ಕಂಪ್ಯೂಟರ್ ಮುಚ್ಚಿ ಮುದುಕರ ಜೊತೆ ಹುಲ್ಲಿನ ಮೇಲೆ ಚೆಂಡು ಉರುಳಿಸೋಕೆ ಹೋಗ್ತೀನಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನು ತಮಾಷೆಗೆ ಹೇಳುತ್ತಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಅಲ್ಲಿ ಫೆಬ್ರವರಿ ಎಂದರೆ ಕಡು ಬೇಸಿಗೆ; ಆ ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ ಹೊರಗೆ ನಲವತ್ತೆರಡು ಡಿಗ್ರಿ. ರೇಲೀನ್ ಕಿಟಕಿಯ ಪರದೆ ಎಳೆದು, ಕೂಲರ್ ಹಾಕಿ ಕೂತಿದ್ದಳು. ಕೊಲ್ಲಿಯಲ್ಲಿ ನಿಂತ ಹಡಗುಗಳನ್ನು ಕಾಯುವುದು ಅಂದಿನ ಕೆಲಸ. ಆರು ಕಿಟ್ಟಿಹಾಕ್‌ಗಳು ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಸುತ್ತುತ್ತಿದ್ದವು.

"ಮೇಲೆ! ಸೂರ್ಯನ ಕಡೆಯಿಂದ!" ಎಂದು ಸ್ಪಿರೋ ಕೂಗಿದ. ಆ ಹಾರಾಟದಲ್ಲಿ ಅದೇ ಅವನ ಕೊನೆಯ ಮಾತು. ಅವನ ವಿಮಾನ ಹೊಗೆ ಕಾರುತ್ತ ಮೋಡದೊಳಗೆ ಬಿತ್ತು.

ಝೀರೊಗಳು ಎರಗಿದವು. ವಾಟಿ ಬಲಕ್ಕೆ ಹೊರಳಿ ಕೆಳಕ್ಕೆ ಧುಮುಕಿದ, ರೇಲೀನ್ ಅವನ ಹಿಂದೆಯೇ ಧುಮುಕಿದಳು. ಅವರಿಬ್ಬರ ನಡುವೆ ಹಸಿರು ವಿಮಾನವೊಂದು ನುಸುಳಿತು. ವಾಟಿಯ ಬಾಲದ ಹಿಂದೆ ಕೂತು ಗುಂಡು ಹಾರಿಸತೊಡಗಿತು. ಅವಳು ಹಲ್ಲು ಕಚ್ಚಿ, ಝೀರೊ ತನ್ನ ಗುರಿಗಾಜನ್ನು ತುಂಬುವವರೆಗೂ ಕಾದು, ಗುಂಡಿ ಒತ್ತಿದಳು. ಅದರ ರೆಕ್ಕೆಯಿಂದ ಚೂರುಗಳು ಎದ್ದವು. ಝೀರೊ ಮಗುಚಿಕೊಂಡು ಬೆಂಕಿಯ ಗೆರೆಯಾಗಿ ಕಾಡಿಗೆ ಬಿತ್ತು. ಅವಳ ಮೊದಲ ಬೇಟೆ.

"ಕೊಂದ್ಬಿಟ್ಟೆ ಹುಡುಗಿ! ಕೊಂದ್ಬಿಟ್ಟೆ!" ವಾಟಿ ಕೆಮ್ಮುತ್ತ ಕೂಗಿದ. ಮರುಕ್ಷಣ ಅವನ ದನಿ ಬದಲಾಯಿತು. "ಆದ್ರೆ ಅವನು ನನ್ನನ್ನೂ ಬಿಡ್ಲಿಲ್ಲ. ಎಣ್ಣೆ ಎಲ್ಲ ಮುಂದಿನ ಗಾಜಿನ ಮೇಲೆ ಬಂತು. ಪೂರ್ತಿ ಕಪ್ಪು. ವೇಗದ ಮುಳ್ಳೂ ಸತ್ತಿದೆ. ಎಡಗಡೆ ಕಿಟಕೀಲಿ ನೀನೊಬ್ಳು ಕಾಣಿಸ್ತಾ ಇದೀಯ, ಅಷ್ಟೇ. ಉಳಿದೋರು ಯಾರಾದ್ರೂ ಕಾಣ್ತಾರಾ?"

ಅವಳು ಸುತ್ತ ನೋಡಿದಳು. ಯಾರೂ ಇರಲಿಲ್ಲ, ಶತ್ರುವೂ ಇಲ್ಲ. ಒಂದು ಟಿಕ್ ಕೊಟ್ಟಳು. ದೂರದಲ್ಲಿ ಓಡುದಾರಿ ಬೆಂಕಿಕಡ್ಡಿಯಷ್ಟು ಕಾಣುತ್ತಿತ್ತು.

"ಸರಿ" ಎಂದ ವಾಟಿ. "ನೀನು ಮುಂದೆ ಬಾ. ನಿನ್ನ ರೆಕ್ಕೆ ನೋಡ್ಕೊಂಡು ಪಕ್ಕದಲ್ಲೇ ಬರ್ತೀನಿ. ನೀನು ಇಳಿದ ಹಾಗೆ ನಾನೂ ಇಳೀತೀನಿ. ಆದ್ರೆ ವೇಗ ಎಷ್ಟು ಅಂತ ನೀನೇ ಹೇಳ್ಬೇಕು. ಇದಕ್ಕೆ ಟಿಕ್ ಟಿಕ್ ಸಾಲಲ್ಲ."

ರೇಲೀನಳ ಹೆಬ್ಬೆರಳು ಗುಂಡಿಯ ಮೇಲೇ ನಿಂತಿತು. ಅವಳ ವೇಗದ ಮುಳ್ಳು ನೂರ ಎಂಬತ್ತು ತೋರಿಸುತ್ತಿತ್ತು. ಒತ್ತಿದಳು.

"ನ್... ನ್... ನ್..."

ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡಿತು. ಪದ ಬಿಡಿಸಿಕೊಳ್ಳುವಷ್ಟರಲ್ಲಿ ಮುಳ್ಳು ನೂರ ಅರವತ್ತೈದಕ್ಕೆ ಇಳಿದಿತ್ತು, ಹೇಳಬೇಕಾದ ಮಾತೇ ಬೇರೆಯಾಗಿತ್ತು. ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದ.

"ಆತುರ ಇಲ್ಲ" ಎಂದ ವಾಟಿ. "ನಾನೆಲ್ಲಿ ಹೋಗ್ತೀನಿ? ಹೋಗೋಕೆ ಕಣ್ಣೂ ಕಾಣಲ್ಲ."

ಅವಳಿಗೆ ನಗು ಬಂತು. ನಕ್ಕಾಗ ಗಂಟಲು ತುಸು ಸಡಿಲಾಯಿತು. ಆ 'ನೂರು' ಯಾಕೆ ಬೇಕು ಎಂದು ಹೊಳೆದದ್ದು ಆಗಲೇ. ಅದನ್ನು ಅಲ್ಲೇ ಬಿಟ್ಟಳು.

"ಅರವತ್ತು" ಎಂದಳು.

"ನೂರರವತ್ತು ತಾನೆ? ಗೊತ್ತಾಯ್ತು, ಗೊತ್ತಾಯ್ತು. ಮುಂದೆ?"

"ಚ... ಚಕ್ರ ಇಳಿಸಿ."

"ಇಳಿಸ್ದೆ."

"ಎ... ಎಡಕ್ಕೆ ತಿರುಗ್ತೀನಿ. ಮೆ... ಮೆಲ್ಲಗೆ."

ಎರಡು ವಿಮಾನಗಳೂ ಒಟ್ಟಿಗೆ ಹೊರಳಿದವು. ಅವನ ರೆಕ್ಕೆಯ ತುದಿ ಅವಳ ಕಿಟಕಿಗೆ ಎಷ್ಟು ಹತ್ತಿರವಿತ್ತೆಂದರೆ ಅದರ ಮೇಲಿನ ಗುಂಡಿನ ತೂತುಗಳನ್ನು ಎಣಿಸಬಹುದಿತ್ತು. ಓಡುದಾರಿ ಎದುರಿಗೆ ಬಂತು. ತಾನು ಎಡ ಅಂಚಿನಲ್ಲಿ ಇಳಿದರೆ ಅವನಿಗೆ ಬಲದ ಅರ್ಧ ಸಿಗುತ್ತದೆ. ತೊಟ್ಟಿಯ ಪಕ್ಕಕ್ಕೆ ತೊಟ್ಟಿ ಇಡುವ ಕೆಲಸವೇ ಇದು, ಎಂದುಕೊಂಡಳು.

"ಮೂವತ್ತು. ರೆಕ್ಕೆ ಫ್... ಫ್ಲ್ಯಾಪ್ ಪೂರ್ತಿ ಇಳಿಸಿ. ಇಪ್ಪತ್ತು. ಇ... ಇಪ್ಪತ್ತು. ಹತ್ತು. ಜಾಸ್ತಿ ನಿಧಾನ ಆಯ್ತು, ಇಂಜಿನ್ ಕೊಡಿ! ಕೊಡಿ! ಹಾಂ, ಹತ್ತು."

ತೆಂಗಿನ ಗರಿಗಳು ಚಕ್ರದ ಕೆಳಗೆ ಸರಿದವು. ಅವಳು ಕುರ್ಚಿಯ ತುದಿಗೆ ಬಂದಿದ್ದಳು. ತನ್ನ ದನಿ ಕೋಣೆಯ ಗೋಡೆಗೆ ಬಡಿದು ಬರುತ್ತಿರುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ನೆಲ ಬಂತು! ಇಂಜಿನ್ ತೆಗೀರಿ! ಮೂ... ಮೂ... ಮೂತಿ ಎತ್ತಿ! ಎತ್ತಿ! ಹಿಡೀರಿ ಹಾಗೇ!"

ಅವಳ ಚಕ್ರ ಕಬ್ಬಿಣದ ಜಾಲರಿಗೆ ಬಡಿದು ವಿಮಾನ ಪುಟಿಯಿತು. ಪಕ್ಕದಲ್ಲಿ ಅವನದೂ ಪುಟಿಯಿತು. ಮತ್ತೆ ಬಡಿಯಿತು, ಮತ್ತೆ ಪುಟಿಯಿತು. ಮೂರನೆಯ ಸಲ ನೆಲದ ಮೇಲೇ ನಿಂತಿತು. "ಬಲಗಾಲು! ನೇರ! ನೇರ! ಬ್ರೇಕ್ ಮೆಲ್ಲಗೆ!" ಎರಡೂ ಗಡಗಡನೆ ಓಡಿ, ದಾರಿಯ ತುದಿಗೆ ಇನ್ನೊಂದಿಷ್ಟೇ ಜಾಗ ಇರುವಾಗ ಅಕ್ಕಪಕ್ಕದಲ್ಲಿ ನಿಂತವು.

ಆಮೇಲೆ ವಾಟಿ ಕೆಮ್ಮಿದ.

"ಮುಂದಿನ ವಾರ ಮೂರೂವರೆಗೆ ಬೇಡ, ಮೂರಕ್ಕೇ ಸೇರೋಣ" ಎಂದ. ದನಿ ಸ್ವಲ್ಪ ಒಡೆದಿತ್ತು. "ಇಳಿಯೋದು ಹೇಗೆ ಅಂತ ನಿನಗೆ ಕಲಿಸ್ಬೇಕು. ಏನದು, ಕಾಂಗರೂ ಥರ!"

"ನೀ... ನೀವೂ ಹಾಗೇ ಹಾರಿದ್ರಿ" ಎಂದಳು ರೇಲೀನ್.

ಅಷ್ಟರಲ್ಲಿ ಸ್ಪಿರೋನ ದನಿ ನುಗ್ಗಿತು. "ನಾನು ಸತ್ತು ಇಪ್ಪತ್ತು ನಿಮಿಷ ಆಯ್ತು! ಪೂರ್ತಿ ಕೇಳಿಸ್ಕೊಂಡು ಕೂತಿದ್ದೆ! ನಮ್ಮಮ್ಮನ್ನ ಅಡುಗೆಮನೆಯಿಂದ ಕರೆದು ಕೂರಿಸಿದ್ದೆ! ಅವ್ಳು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂತಿದಾಳೆ ಕಣೇ!"

ಅವಳು ನಗುತ್ತ ಹೆಡ್‌ಫೋನ್ ತೆಗೆದಳು. ಸ್ಟಿಕ್ ಹಿಡಿದ ಬೆರಳುಗಳು ನೆಟ್ಟಗಾಗಲು ಹೊತ್ತು ಹಿಡಿಯಿತು. ಬೆಳಿಗ್ಗೆ ಒಣಹಾಕಿದ ಬಟ್ಟೆ ತೆಗೆಯಲೆಂದು ಹಿತ್ತಲಿಗೆ ಹೋದಳು. ಬಿಸಿಲು ತುಸು ಇಳಿದಿತ್ತು. ಬೇಲಿಯ ಆಚೆ, ಪಕ್ಕದ ಮನೆಯ ಲೋರ್ನಾ ಪೈಪು ಹಿಡಿದು ಟೊಮೇಟೊ ಗಿಡಗಳಿಗೆ ನೀರು ಬಿಡುತ್ತಿದ್ದಳು. ಒಂಬತ್ತು ವರ್ಷದ ನೆರೆಯಲ್ಲಿ ಇಬ್ಬರ ನಡುವೆ ಕೈ ಬೀಸುವುದಷ್ಟೇ ಬಳಕೆ.

"ಏನಮ್ಮಾ ಅದು ಅಷ್ಟೊಂದು ಗಲಾಟೆ?" ಎಂದಳು ಲೋರ್ನಾ. "ಎತ್ತು, ಹಿಡಿ, ನೆಲ ಬಂತು ಅಂತ! ಯಾರ ಮೇಲೆ ಹಾಗೆ ಕೂಗ್ತಿದ್ದೆ? ನಾನು ಪೊಲೀಸ್ರನ್ನ ಕರೀಬೇಕೋ, ಆಂಬುಲೆನ್ಸ್ ಕರೀಬೇಕೋ ಅಂತ ಯೋಚಿಸ್ತಿದ್ದೆ."

ರೇಲೀನ್ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮತ್ತೆ ತಂತಿಯ ಮೇಲೆ ಹಾಕಿ ಬೇಲಿಯ ಹತ್ತಿರ ಬಂದಳು.

"ವಿ... ವಿ... ವಿ..." ಎಂದಳು. ಪದ ಸಿಕ್ಕಿಕೊಂಡಿತು. ರೇಲೀನ್ ಹಿಂದೆ ಸರಿಯದೆ ಅಲ್ಲೇ ನಿಂತಳು.

ಲೋರ್ನಾ ಬಗ್ಗಿ ನಲ್ಲಿ ನಿಲ್ಲಿಸಿ, ತಾನು ಆ ಪದ ಮುಗಿಸಿಕೊಡಲು ಹೋಗದೆ ಕಾದಳು. ಪೈಪಿನಲ್ಲಿ ಉಳಿದಿದ್ದ ನೀರು ಹನಿಹನಿಯಾಗಿ ಟೊಮೇಟೊ ಗಿಡದ ಬುಡಕ್ಕೆ ಬಿದ್ದು, ಕೆಂಪು ಮಣ್ಣಿನಲ್ಲಿ ಇಂಗುತ್ತಿತ್ತು.