ಆಯುಧಪೂಜೆಯ ಮರುದಿನ ತೆರೆಯದ ಪುಟ

ಮೊದಲು, ಆಯುಧಪೂಜೆಯ ದಿನ ತಮಿಳು ಸೀಮೆಯ ತೇನಿಯಲ್ಲಿ ಒಂದು ಕಂಪ್ಯೂಟರನ್ನು ನಿಲ್ಲಿಸಿ ಪೂಜೆಗೆ ಇಟ್ಟರು. ಮರುದಿನ ಬೆಳಿಗ್ಗೆ ಅದನ್ನು ಮತ್ತೆ ನಡೆಸಿದರು. ಆ ಬಳಿಕ ಅದೇ ಕಣಿವೆಯ ಗೂಡಲೂರಿನ ಫೋನ್ ಬೂತಿನಲ್ಲಿ ಅದರ ಪುಟ ತೆರೆಯಲಿಲ್ಲ. ಅಂದೇ ಗೂಡಲೂರಿನ ದ್ರಾಕ್ಷಿ ಚಪ್ಪರದ ಕೆಳಗೆ ಮಾರಿಮುತ್ತುವಿನ ಕಾಲಿಗೆ ಹಾವು ಕಚ್ಚಿತು. 1999ರ ಅಕ್ಟೋಬರಿನಲ್ಲಿ ಇವೆಲ್ಲ ನಡೆದದ್ದು ಇದೇ ಕ್ರಮದಲ್ಲಿ.

ಮಾರಿಮುತ್ತುವಿನ ಜೀವ ಉಳಿಯಿತು. ಆದರೆ ಪಾದದ ಚರ್ಮ ಕಪ್ಪಿಟ್ಟು ಕೊಳೆಯಿತು. ದೀಪಾವಳಿಗೆ ಮುನ್ನ ಅವನ ಹೆಂಡತಿ ತಂಗಮ್ಮಾಳ್ ತೇನಿಗೆ ಬಂದು, ಟೈಪಿಂಗ್ ಶಾಲೆಯ ಮಾಳಿಗೆಯ ಮೆಟ್ಟಿಲನ್ನು ದಡದಡ ಹತ್ತಿದಳು. ದಾರಿಯುದ್ದಕ್ಕೂ ಸಿಟ್ಟು ಅವಳೊಳಗೆ ಕುದಿಯುತ್ತಲೇ ಇತ್ತು.

ಆ ಮಾಳಿಗೆಯಲ್ಲಿ ಕೆಲವು ಯುವಕ ಯುವತಿಯರು ಸಂಬಳವಿಲ್ಲದೆ ಒಂದು ಸೇವೆ ನಡೆಸುತ್ತಿದ್ದರು. ದಿನವೂ ಬೆಳಿಗ್ಗೆ ಕಣಿವೆಯ ಆಸ್ಪತ್ರೆಗಳಿಗೆ ಫೋನ್ ಮಾಡಿ, ಹಾವಿನ ವಿಷಕ್ಕೆ ಮದ್ದು ಎಲ್ಲಿ ಇದೆ, ಎಲ್ಲಿ ಮುಗಿದಿದೆ ಎಂದು ವಿಚಾರಿಸಿ, ಒಂದು ಪುಟದಲ್ಲಿ ಹಾಕುತ್ತಿದ್ದರು. ಗೂಡಲೂರು, ಕೊಂಬೈಗಳ ಬೂತುಗಳಿಂದ, ಮಾತಿಗೆ ಬಳಸದ ಇನ್ನೊಂದು ಫೋನ್ ಲೈನಿನ ಮೂಲಕ, ಆ ಪುಟವನ್ನು ನೋಡಬಹುದಿತ್ತು. ಪುಟವನ್ನು ಇಟ್ಟುಕೊಂಡು, ಕೇಳಿದವರಿಗೆ ಕಳಿಸುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು.

"ಇಲ್ಲಿ ದೊಡ್ಡವ್ನು ಯಾರು?"

ತಂಡದ ಮುಂದಾಳು ವಿಘ್ನೇಶ್ವರನ್ ಎದ್ದು ಕುರ್ಚಿ ಸರಿಸಿದ. "ವಾಂಗ ಅತ್ತೆ, ಬನ್ನಿ, ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬರ್ಲಿಲ್ಲ ತಂಬಿ. ಮನೇಲಿ ಒಬ್ರು ಕಾಲು ಊರೋಕಾಗ್ದೆ ಕೂತವ್ರೆ. ನಾನೂ ಕೂತ್ರೆ ನಮ್ ತೋಟಕ್ಕೆ ನೀನು ಬಂದು ಮದ್ದು ಹೊಡೀತೀಯಾ?"

ವಿಘ್ನೇಶ್ವರನ್ ತಲೆ ತಗ್ಗಿಸಿದ. "ತಪ್ಪಾಗಿದ್ದು ನಿಜ ಅತ್ತೆ. ಪೂಜೆ ದಿನ ಮೆಷಿನ್ ನಿಲ್ಸಿದ್ದು ಅಭಿರಾಮಿ. ಇನ್ನು ಬರ್ಬೇಡ ಅಂತ ಅವ್ಳಿಗೆ ಹೇಳಿಬಿಟ್ಟಿದ್ದೀವಿ."

ಕಿಟಕಿಯ ಬಳಿ ತನ್ನ ಚೀಲಕ್ಕೆ ಪುಸ್ತಕ ತುಂಬಿಕೊಳ್ಳುತ್ತಿದ್ದ ಅಭಿರಾಮಿ ತಿರುಗಿದಳು. ಅವಳು ಆ ವರ್ಷವಷ್ಟೇ ಬಿ.ಎಸ್ಸಿ. ಮುಗಿಸಿದ್ದಳು. "ನಿಲ್ಸು ಅಂದದ್ದು ನೀವು ಅಣ್ಣಾ. ಚಂದನ ಇಟ್ಟದ್ದೂ ನೀವೇ. ಸ್ವಿಚ್ಚು ಮಾತ್ರ ನನ್ ಕೈಯಲ್ಲಿ ಒತ್ಸಿದ್ರಿ."

ತಂಗಮ್ಮಾಳ್ ಇಬ್ಬರನ್ನೂ ದುರುಗುಟ್ಟಿ ನೋಡಿದಳು. "ಪೂಜೇನ ಯಾಕೆ ಬೈತೀರಿ? ನಮ್ ಮನೇಲೂ ಗುದ್ದಲಿ ತೊಳೆದು ಪೂಜೆಗಿಟ್ಟಿದ್ವಿ. ಮರುದಿನ ಎತ್ತಿದ್ರೆ ಮಣ್ಣು ಅಗೀತು. ನಿಮ್ ಮೆಷಿನ್ನು ಒಂದ್ ದಿನ ಮಲ್ಗಿ ಎದ್ರೆ ಕೆಲ್ಸ ಮರೆತುಬಿಡ್ತದಾ?"

"ಮರೀತು ಅತ್ತೆ," ಎಂದಳು ಅಭಿರಾಮಿ. "ಯಾಕೆ ಮರೀತು ಅಂತ ಇಲ್ಲಿ ಯಾರೂ ಕೇಳ್ಲಿಲ್ಲ. ನಿಲ್ಸಿದ್ದು ಯಾರು ಅಂತ ಮಾತ್ರ ಕೇಳಿದ್ರು."

"ನಾನು ಕೇಳ್ತಾ ಇದೀನಿ. ಹೇಳು ನನ್ ಕಣ್ಣು."

ಅಭಿರಾಮಿ ಚೀಲವನ್ನು ಕೆಳಗಿಟ್ಟಳು. "ಈ ಮೆಷಿನ್ನು ಎದ್ದ ತಕ್ಷಣ ತನ್ನೊಳಗೇ ಇರೋ ಒಂದು ಫೈಲ್ ಓದ್ತದೆ. ಯಾವ ಪುಟ ತೋರಿಸ್ಬೇಕು ಅಂತ ಅದ್ರಲ್ಲಿ ಬರ್ದಿರ್ಬೇಕು. ಬರ್ದಿರ್ಲಿಲ್ಲ. ಅಣ್ಣ ಮೊದಲ್ನೇ ದಿನ ಕೀಬೋರ್ಡಲ್ಲಿ ಬರೀ ಆಜ್ಞೆ ಕೊಟ್ಟು ನಡೆಸಿದ್ರು. ಎಚ್ಚರ ಇರೋವರ್ಗೂ ಅದು ಹೇಳಿದ್ ಹಾಗೆ ಕೇಳ್ತು. ನಿಂತ ಮೇಲೆ ಆ ಮಾತು ಹೋಯ್ತು."

"ಇಷ್ಟು ತಿಂಗ್ಳು ನಡೀತಲ್ಲ," ಎಂದ ವಿಘ್ನೇಶ್ವರನ್.

"ನಿಲ್ಸಿರ್ಲಿಲ್ಲ, ನಡೀತು. ಕರೆಂಟು ಹೋಗಿ ಬ್ಯಾಟರಿ ಸತ್ತಿದ್ರೆ ಅವತ್ತೇ ಹೀಗಾಗ್ತಿತ್ತು."

ತಂಗಮ್ಮಾಳಿಗೆ ಇನ್ನೊಂದು ಲೆಕ್ಕ ಬಾಕಿಯಿತ್ತು. ಮೇಜಿನ ಮೇಲಿದ್ದ ಫೋನಿನಿಂದ ಗೂಡಲೂರಿನ ಬೂತಿಗೆ ಕರೆ ಹಾಕಿಸಿ, ಬೂತಿನ ಮುತ್ತುಕುಮಾರನನ್ನು ಹಿಡಿದಳು. ಅಭಿರಾಮಿ ಸ್ಪೀಕರ್ ಗುಂಡಿ ಒತ್ತಿದಳು.

"ತಂಬಿ, ಅವತ್ತು ಏನಾಯ್ತು?"

"ಬೆಳಿಗ್ಗೆ ಪುಟ ಬರ್ಲಿಲ್ಲ ಅತ್ತೆ."

"ಬರ್ದೇ ಇದ್ದದ್ದು ಬೇಡ. ಬಂದದ್ದೇನು?"

"ಬೇರೆ ಏನೋ ಇಂಗ್ಲಿಷ್ ಪುಟ. ಈ ಸರ್ವರ್ ಸರಿಯಾಗಿ ನಡೀತಾ ಅದೆ ಅಂತ ಇತ್ತು."

"ಅದನ್ನ ತೇನಿಗೆ ಹೇಳ್ದ್ಯಾ?"

"ವರ್ಕ್ ಆಗ್ತಾ ಇಲ್ಲ ಅಂತ ಹೇಳ್ದೆ. ನಿನ್ ಮೋಡೆಮ್ ಸರಿ ಇಲ್ಲ ಅಂತ ಅಣ್ಣ ಫೋನಿಟ್ರು. ಆಮೇಲೆ ಮಾರಿಮುತ್ತು ಮಾಮನ್ನ ಎತ್ಕೊಂಡು ಬಂದಾಗ ಮತ್ತೆ ನೋಡ್ದೆ. ಅದೇ ಪುಟ. ಜೀಪು ಕಾಯ್ಲಿಲ್ಲ."

ಅಭಿರಾಮಿಯ ಮುಖ ಕೆಂಪೇರಿತು. "ಆ ಇಂಗ್ಲಿಷ್ ಪುಟಾನೂ ಇದೇ ಮೆಷಿನ್ನಿಂದ ಹೋದದ್ದು. ಅದು ಅಲ್ಲಿಗೆ ತಲುಪಿದ್ರೆ ಲೈನೂ ಸರಿ ಇತ್ತು, ಕಂಪ್ಯೂಟರನ್ನ ಲೈನಿಗೆ ಸೇರ್ಸೋ ಮೋಡೆಮ್ಮೂ ಸರಿ ಇತ್ತು. ಮುತ್ತುಕುಮಾರಾ, ನೀನು ಅದನ್ನ ಓದಿ ಹೇಳಿದ್ರೆ, ಇಲ್ಲಾಂದ್ರೆ ಅಣ್ಣನೇ ಏನು ಕಾಣಿಸ್ತದೆ ಅಂತ ಒಂದ್ ಮಾತು ಕೇಳಿದ್ರೆ, ಗೊತ್ತಾಗ್ತಿತ್ತು. ನಿಮ್ ಪಕ್ಕದ ಊರಿನ ಆಸ್ಪತ್ರೀಲಿ ಮದ್ದು ಮುಗ್ದದೆ ಅಂತ ಅವತ್ತು ಬೆಳಿಗ್ಗೆನೇ ನಾನು ಹಾಕಿದ್ದೆ."

ತಂಗಮ್ಮಾಳ್ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು. ಜೀಪು ಹೋಗಿ ನಿಂತದ್ದು ಅದೇ ಆಸ್ಪತ್ರೆಯ ಬಾಗಿಲಲ್ಲಿ. ಮದ್ದಿಲ್ಲ ಎಂದು ಅಲ್ಲಿಂದ ಇನ್ನೊಂದೂರಿಗೆ ಓಡಿದ್ದರು. ದಾರಿಯಲ್ಲಿ ಅವಳ ತೊಡೆಯ ಮೇಲಿದ್ದ ಆ ಕಾಲು ಕಣ್ಣೆದುರೇ ಬಾತುಕೊಂಡಿತ್ತು.

"ಅಂದ್ರೆ ಸುದ್ದಿ ಇಲ್ಲೇ ಇತ್ತು," ಎಂದಳು. ದನಿ ತಗ್ಗಿತ್ತು, ಆದರೆ ನಡುಗಲಿಲ್ಲ. "ಈ ಡಬ್ಬೀಲಿ. ನಾವು ಅಲ್ಲಿ ಬೀದಿ ಬೀದಿ ಸುತ್ತಿದ್ವಿ."

ಅವಳು ಯಂತ್ರದತ್ತ ಬೆರಳು ತೋರಿಸಿದಳು.

"ಈಗ ಸರಿ ಅದೆಯಾ?"

"ಅವತ್ತು ಸಂಜೆನೇ ಮತ್ತೆ ಕೈಯಿಂದ ಆಜ್ಞೆ ಕೊಟ್ಟೆ. ಓಡ್ತಾ ಅದೆ," ಎಂದ ವಿಘ್ನೇಶ್ವರನ್.

"ಮತ್ತೆ ಕೈಯಿಂದಲೇ? ಹಂಗಾದ್ರೆ ಇನ್ನೊಬ್ಬಳ ಗಂಡನ್ನ ಹಾವು ಕಚ್ಚೋವರ್ಗೂ ಓಡ್ತದೆ." ಅವನು ಕೀಬೋರ್ಡಿನತ್ತ ಚಾಚಿದ ಕೈಯನ್ನು ಅವಳು ಕಣ್ಣಲ್ಲೇ ತಡೆದಳು. "ನೀನು ಬೇಡ. ಅವ್ಳು ಮಾಡ್ಲಿ. ನನ್ನೆದುರೇ ನಿಲ್ಸಿ, ನನ್ನೆದುರೇ ಎಬ್ಬಿಸ್ಲಿ. ಇಲ್ದಿದ್ರೆ ಗೂಡಲೂರಲ್ಲಿ ಯಾರೂ ನಿಮ್ ಪುಟ ನಂಬ್ಬೇಡಿ ಅಂತ ಬೀದಿ ಬೀದೀಲಿ ಹೇಳ್ತೀನಿ."

ಅಭಿರಾಮಿ ಕುಳಿತಳು. ಮೊದಲು ಏನನ್ನೂ ಬದಲಿಸದೆ ಯಂತ್ರವನ್ನು ನಿಲ್ಲಿಸಿ ಎಬ್ಬಿಸಿದಳು. ಮುತ್ತುಕುಮಾರನ ಪರದೆಯ ಮೇಲೆ ಅದೇ ಇಂಗ್ಲಿಷ್ ಪುಟ ಬಂತು. ಅನಂತರ ಆ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಟ್ಟಳು. ತಪ್ಪಾದರೆ ಹಿಂದಿರುಗಲು ದಾರಿ ಇರಬೇಕು. ಯಾವ ಪುಟ ತೋರಿಸಬೇಕು ಎಂಬ ಒಂದೇ ಒಂದು ಸಾಲನ್ನು ತಿದ್ದಿದಳು. ಮತ್ತೆ ನಿಲ್ಲಿಸಿದಳು, ಮತ್ತೆ ಎಬ್ಬಿಸಿದಳು.

"ಓದು ತಂಬಿ," ಎಂದಳು ತಂಗಮ್ಮಾಳ್. "ಇರೋದನ್ನ ಇದ್ದ ಹಾಗೇ ಓದು."

ಮುತ್ತುಕುಮಾರ್ ಆಸ್ಪತ್ರೆಗಳ ಹೆಸರುಗಳನ್ನು ಒಂದೊಂದಾಗಿ ಓದಿದ. ಮದ್ದು ಇದೆ. ಮದ್ದು ಇದೆ. ಮದ್ದು ಮುಗಿದಿದೆ.

"ತಪ್ಪು ನಂದು ಅತ್ತೆ," ಎಂದ ವಿಘ್ನೇಶ್ವರನ್.

"ನಂಗೊಬ್ಳಿಗೇ ಹೇಳಿದ್ರೆ ಸಾಲ್ದು. ಬರ್ಬೇಡ ಅಂದ್ಯಲ್ಲ, ಅವ್ಳಿಗೂ ಹೇಳು."

ಅವನು ಹೇಳಿದ. ಅಭಿರಾಮಿ ತಲೆಯಾಡಿಸಿದಳು, ನಗಲಿಲ್ಲ. ತಂಗಮ್ಮಾಳ್ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಬಳಿ ನಿಂತಳು. "ನಾಳೆಯಿಂದ ನಮ್ ಹೆಂಗಸ್ರು ಚಪ್ಪರಕ್ಕೆ ಹೋಗೋ ಮುಂಚೆ ಬೂತ್‌ಗೆ ಹೋಗಿ ಪುಟ ನೋಡ್ತಾರೆ. ತೆರೀಲಿಲ್ಲ ಅಂದ್ರೆ ಫೋನ್ ಮಾಡಲ್ಲ. ನಾನೇ ಬರ್ತೀನಿ."

ಓದುವ ಗೆಳೆಯರೇ, ಪುಟ ತೆರೆಯದಿದ್ದಾಗ "ವರ್ಕ್ ಆಗ್ತಾ ಇಲ್ಲ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಪರದೆಯ ಮೇಲೆ ಕಂಡದ್ದನ್ನು ಅಕ್ಷರ ಬಿಡದೆ ಓದಿ ಹೇಳಿ. ಸರ್ವರ್ ನೋಡಿಕೊಳ್ಳುವವರೇ, ದೂರು ಬಂದಾಗ ಮೊದಲು ಅದನ್ನೇ ಕೇಳಿ. ಹಳೆಯ ಫೈಲಿನ ಪ್ರತಿಯನ್ನು ಇಟ್ಟುಕೊಳ್ಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಫೈಲಿನಲ್ಲೇ ಬರೆಯಿರಿ, ಯಂತ್ರವನ್ನು ನಿಲ್ಲಿಸಿ ಎಬ್ಬಿಸಿ ನೋಡದೆ ಮನೆಗೆ ಹೋಗಬೇಡಿ. ತಪ್ಪು ಯಾರದು ಎಂಬುದಕ್ಕಿಂತ ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ.

ತೇನಿಯ ಪರೀಕ್ಷೆಯಲ್ಲಿ ಕಂಡುಬಂದದ್ದು ಇಷ್ಟು: ಪೂಜೆಗೆ ನಿಲ್ಲಿಸಿದ್ದರಿಂದ ಸರ್ವರ್ ಕೆಟ್ಟಿರಲಿಲ್ಲ, ಅದಕ್ಕೆ ಹೇಳಿದ್ದನ್ನು ಯಾರೂ ಬರೆದಿಟ್ಟಿರಲಿಲ್ಲ.