ಮಗುಚಿದ ಕೋಟು

ವೃಷಭೇಂದ್ರಪ್ಪ ತಂಗಿಗೆ ಹಾಕಿದ ಷರತ್ತು ಒಂದೇ. ತನ್ನ ಕರಿ ಕೋಟನ್ನು ಮಗುಚಿ ಹೊಲಿದುಕೊಡಬೇಕು. ಅದು ನಾಲ್ಕು ಜನ ನೋಡುವ ಹಾಗಿದ್ದರೆ ಅವಳು ಅಗ್ರಹಾರದ ಈ ಮನೆಯಲ್ಲೇ ಇದ್ದು ಹೊಲಿಗೆ ಕ್ಲಾಸಿಗೆ ಹೋಗಬಹುದು. ಇಲ್ಲದಿದ್ದರೆ ಕಡಕೊಳದ ಆಚೆ ಹಳ್ಳಿಯಲ್ಲಿರುವ ಸೋದರಮಾವ ಕರಿಬಸವಯ್ಯನ ಮನೆಗೆ. ಹೆಂಡತಿ ಸತ್ತ ಮೇಲೆ ಆ ಮುದುಕನಿಗೆ ಮುದ್ದೆ ಮಾಡಿಹಾಕುವವರಿರಲಿಲ್ಲ. ದನ, ಕೊಟ್ಟಿಗೆ, ಬೆಳಗಾದರೆ ಬೈಗುಳ. ಅಲ್ಲಿಗೆ ಹೋದ ಹೆಣ್ಣು ಅಲ್ಲೇ ಮುದುಕಿಯಾಗುತ್ತಾಳೆಂದು ಸಿದ್ದಲಿಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆ ಸೇರಿದ್ದಳು. ಅಣ್ಣ ಆಫೀಸಿನಲ್ಲಿ ಗುಮಾಸ್ತ. ಅಲ್ಲಿ ಬಾಯಿ ಬಿಡದವನು ಮನೆಗೆ ಬಂದರೆ ಪಾಳೇಗಾರ. ಅತ್ತಿಗೆ ಸರ್ವಮಂಗಳಾ ಕೆಟ್ಟವಳಲ್ಲ. ಆದರೆ ಗಂಡನ ಎದುರಿಗೆ ಅವಳ ಒಳ್ಳೆಯತನ ಮೂರು ಕಾಸಿಗೂ ಬಾಳುತ್ತಿರಲಿಲ್ಲ.

ಪಕ್ಕದ ಬೀದಿಯ ಮಹಿಳಾ ಸಮಾಜದಲ್ಲಿ ರಮಾಮಣಿ ಎಂಬಾಕೆ ಹೊಲಿಗೆ ಹೇಳಿಕೊಡುತ್ತಿದ್ದರು. ಹೊಸ ಬಟ್ಟೆಗೆ ಕತ್ತರಿ ಹಾಕಲು ಅವರು ಯಾರನ್ನೂ ಬಿಡುತ್ತಿರಲಿಲ್ಲ. "ಮೊದಲು ಹಳೇದನ್ನ ಬಿಚ್ಚಿ ನೋಡ್ರಮ್ಮ. ಬಿಚ್ಚೋಕೆ ಬಂದ್ರೆ ಹೊಲಿಯೋಕೂ ಬರುತ್ತೆ" ಎನ್ನುವರು. ಸಿದ್ದಲಿಂಗಮ್ಮ ಅಣ್ಣನ ಹರಿದ ಪಂಚೆಯಲ್ಲಿ ಒಳಲಂಗ ಹೊಲಿದಳು. ಸವೆದ ಜಮಖಾನದಲ್ಲಿ ಕೈಚೀಲ ಮಾಡಿದಳು. ಅತ್ತಿಗೆಯ ಹಳೆಯ ಸೀರೆ ಕಿಟಕಿಗೆ ಪರದೆಯಾಯಿತು. ಮೊದಮೊದಲು ಸೊಟ್ಟಗೆ ಹೋಗುತ್ತಿದ್ದ ಮಿಷನ್ನಿನ ಹೊಲಿಗೆ ಈಗ ಗೆರೆ ಎಳೆದ ಹಾಗೆ ಬರುತ್ತಿತ್ತು.

ಆಗ ಬಂತು ಕೋಟಿನ ಸಂಗತಿ. ಏಕೀಕರಣವಾದ ಮೇಲೆ ಅಣ್ಣನ ಸಾಹೇಬರಿಗೆ ಧಾರವಾಡಕ್ಕೆ ವರ್ಗವಾಗಿತ್ತು. ಬೀಳ್ಕೊಡುಗೆಗೆ ಆಫೀಸಿನವರೆಲ್ಲ ಕೋಟು ಹಾಕಿ ಫೋಟೋ ತೆಗೆಸಿಕೊಳ್ಳಬೇಕು. ಅಣ್ಣನ ಕೋಟು ಬಿಸಿಲಿಗೆ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಳಮೈ ಮಾತ್ರ ಕಾಡಿಗೆಯಂತೆ ಕಪ್ಪಗಿತ್ತು. ಅಂಥ ಕೋಟನ್ನು ಪೂರ್ತಿ ಬಿಚ್ಚಿ, ಒಳಮೈ ಹೊರಗೆ ಬರುವಂತೆ ಮಗುಚಿ ಹೊಲಿಯುವುದು ಆ ಕಾಲದಲ್ಲಿ ಇದ್ದದ್ದೇ.

"ಏನೋ ದೊಡ್ಡದಾಗಿ ಕಲಿತೀನಿ ಅಂತೀಯಲ್ಲ, ಇದನ್ನ ಮಾಡು ನೋಡೋಣ. ಕೆಡಿಸಿದ್ರೆ ಮಾವನ ಮನೆ ಬಸ್ಸು ಹತ್ತು" ಎಂದ ವೃಷಭೇಂದ್ರಪ್ಪ.

ಅವಳು ಕೋಟನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದಳು. ಬ್ರಷ್ಷಿನಲ್ಲಿ ಧೂಳು ತೆಗೆದು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಒಂದೊಂದು ತುಂಡನ್ನೂ ಮಗುಚಿ ಕೂಡಿಸಿದಳು. ಕೊನೆಗೆ ಗೂಟಕ್ಕೆ ತೂಗುಹಾಕಿದಾಗ ಹೊಸ ಕೋಟೇ ನಿಂತಿತ್ತು. ಅತ್ತಿಗೆ ಕಣ್ಣರಳಿಸಿ, "ಅಲ್ಲ ಕಣೇ, ಅಂಗಡಿಯಿಂದ ತಂದಂಗಿದೆ" ಎಂದಳು.

ಗುಂಡಿ ಹೊಲಿಯಲು ಹೋದಾಗ ಸಿದ್ದಲಿಂಗಮ್ಮನ ಕಣ್ಣಿಗೆ ಬಿತ್ತು. ಕಾಜ ಬಲಕ್ಕೆ ಬಂದಿತ್ತು, ಗುಂಡಿಯ ಜಾಗ ಎಡಕ್ಕೆ. ಎಡ ಎದೆಯ ಮೇಲಿರಬೇಕಾದ ಜೇಬು ಬಲ ಎದೆಯ ಮೇಲೆ ಕೂತಿತ್ತು. ತುಂಡುಗಳನ್ನು ಮಗುಚಿದ ಮೇಲೆ ಎಡದ್ದು ಬಲವಾಗದೆ ಇನ್ನೇನು? ಇಷ್ಟು ಸಣ್ಣ ಸಂಗತಿ ಬಟ್ಟೆ ಕೈಯಲ್ಲಿದ್ದಾಗ ಹೊಳೆದಿರಲಿಲ್ಲ.

ಕೋಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಮಾಮಣಿಯ ಬಳಿಗೆ ಓಡಿದಳು. ಅವರು ನೋಡಿ ನಕ್ಕರು.

"ಇದು ತಪ್ಪಲ್ಲ ಕಣಮ್ಮ. ಮಗುಚಿದ ಕೋಟೆಲ್ಲ ಹೀಗೇ. ಯಾವ ದರ್ಜಿ ಹೊಲಿದ್ರೂ ಇಷ್ಟೇ."

"ಜೇಬು ಆ ಕಡೆಗೆ ತರೋಕಾಗಲ್ವಾ ಮೇಡಂ?"

"ಹೇಗಾಗುತ್ತೆ? ಬಟ್ಟೆ ಸೀಳಿ ಮಾಡಿರೋ ಜೇಬು. ಮುಚ್ಚಿದ್ರೆ ಗಾಯ ಹೊಲಿದ ಹಾಗೆ ಕಾಣುತ್ತೆ. ಕಾಜನೂ ಅಷ್ಟೇ. ಇರೋದು ಇರಲಿ ಬಿಡು, ನಿಮ್ಮಣ್ಣಂಗೆ ನಾನು ಹೇಳಿದೆ ಅನ್ನು."

ಹೇಳುವುದೇನೋ ಸುಲಭ. ಆ ಅಣ್ಣನ ಎದುರಿಗೆ ನಿಂತವರಿಗೆ ತಾನೇ ಗೊತ್ತು ಅದರ ಕಷ್ಟ. ರಾತ್ರಿ ಊಟಕ್ಕೆ ಬಡಿಸುವಾಗ ಅವಳು, "ಅಣ್ಣಯ್ಯ, ಕೋಟಿನ ಜೇಬು..." ಎಂದು ಶುರು ಮಾಡಿದಳು. ಅವನು, "ಆಗಿದೆ ತಾನೇ? ಬೆಳಿಗ್ಗೆ ಕೊಡು. ಊಟದ ಹೊತ್ತಲ್ಲಿ ಜೇಬಿನ ಪುರಾಣ ಬೇಡ" ಎಂದ.

ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಕೋಟು ತೊಟ್ಟು, ಪೆನ್ನು ಸಿಕ್ಕಿಸಲು ಎಡ ಎದೆಗೆ ಕೈ ಹಾಕಿದ. ಪೆನ್ನು ಜಾರಿ ನೆಲಕ್ಕೆ ಬಿತ್ತು. ಒಮ್ಮೆ ಬಗ್ಗಿ ಎದೆ ನೋಡಿಕೊಂಡ.

"ಏನಿದು?"

"ಮಗುಚಿದ ಕೋಟೆಲ್ಲ ಹೀಗೇ ಆಗುತ್ತಂತೆ ಅಣ್ಣಯ್ಯ. ಯಾರು ಹೊಲಿದ್ರೂ. ಮೇಡಂ ಹೇಳಿದ್ರು."

"ಯಾರು ಹೊಲಿದ್ರೂ ಇಂಗೇ ಆದ್ರೆ, ಇದು ಮಗುಚಿದ ಕೋಟು ಅಂತ ಯಾರು ನೋಡಿದ್ರೂ ಗೊತ್ತಾಗುತ್ತೆ ತಾನೇ?"

ಬೇರೆ ಕೋಟು ಅವನಲ್ಲಿರಲಿಲ್ಲ. ಸೈಕಲ್ಲು ಹತ್ತಿ ಹೋದ.

ಸಂಜೆ ಬಂದವನು ಕೋಟನ್ನು ಬಿಚ್ಚಿ ಅವಳ ಮುಂದೆ ಎಸೆದ. "ಸಾಹೇಬರ ಎದುರಿಗೇ ಆ ನಂಜುಂಡಸ್ವಾಮಿ ಕೇಳ್ದ, ಏನ್ ವೃಷಭೇಂದ್ರಪ್ಪನವ್ರೇ, ಗುಂಡಿ ಹೆಂಗಸರ ಕಡೆಗಿದೆ, ಮನೆಯವ್ರದ್ದು ಹಾಕ್ಕೊಂಡು ಬಂದ್ಬುಟ್ರಾ ಅಂತ. ಜವಾನನೂ ಬಾಯಿ ಮುಚ್ಕೊಂಡು ನಕ್ಕ. ಇನ್ನು ಆ ಫೋಟೋ ಗೋಡೆ ಮೇಲೆ ಇರುತ್ತೆ, ನಾನು ರಿಟೈರಾಗೋವರೆಗೂ."

"ಅವಳೇನು ಮಾಡ್ತಾಳೆ ಬಿಡಿ. ಮೇಡಮ್ಮೇ ಹೇಳವ್ರಂತಲ್ಲ" ಎಂದಳು ಸರ್ವಮಂಗಳಾ.

"ನೀನು ಸುಮ್ನಿರು. ಭಾನುವಾರ ಬಸ್ಸು. ಮಾವಂಗೆ ಹೇಳಿ ಕಳ್ಸಿದೀನಿ."

ಸಿದ್ದಲಿಂಗಮ್ಮ ಕೋಟನ್ನು ಎತ್ತಿ ಮಡಿಸಿದಳು. ಅದರಲ್ಲಿ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಒಂದಾದರೂ ತಪ್ಪಿದ್ದರೆ ಬೈಸಿಕೊಳ್ಳಲು ಒಂದು ಕಾರಣವಾದರೂ ಸಿಗುತ್ತಿತ್ತು.

ಶನಿವಾರ ಸಂಜೆ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಬಂದವನು ಆಫೀಸಿನ ಅದೇ ನಂಜುಂಡಸ್ವಾಮಿ. ಕಂಕುಳಲ್ಲಿ ಒಂದು ಗಂಟು. ಜಗಲಿಯಲ್ಲಿ ಕೂತು, ಬೆವರು ಒರೆಸಿಕೊಂಡು, ಮೆಲ್ಲಗೆ ಗಂಟು ಬಿಚ್ಚಿದ. ಒಳಗಿದ್ದದ್ದು ಅವನದೇ ಕೋಟು.

"ತಮಾಷೆಗೆ ಅಂದಿದ್ದು ಕಣ್ರೀ, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ತಂಗೀನೇ ಹೊಲಿದಿದ್ದಂತೆ? ಬಟ್ಟೆ ಒಳ್ಳೆ ಹೊಸದರಂಗೆ ಕಾಣ್ತಿತ್ತು. ನಂದೂ ಒಂದು ಮಗುಚಿಕೊಟ್ಟುಬುಟ್ರೆ... ಜೇಬು ಯಾವ ಕಡೆಗಾದ್ರೂ ಬರಲಿ ಬುಡಿ, ನಂಗೇನು."

ಬಾಗಿಲ ಹಿಂದೆ ಸಿದ್ದಲಿಂಗಮ್ಮ ಕಿವಿಗೊಟ್ಟು ನಿಂತಿದ್ದಳು. ಈಗಲಾದರೂ ಅಣ್ಣ ಹೂಂ ಅಂದರೆ ಸಾಕಿತ್ತು.

ವೃಷಭೇಂದ್ರಪ್ಪನ ಮುಖ ಇನ್ನಷ್ಟು ಕೆಂಪಾಯಿತು. "ನಮ್ಮದು ದರ್ಜಿ ಅಂಗಡಿ ಅಲ್ಲ ಸ್ವಾಮಿ. ಕಂಡೋರ ಬಟ್ಟೆ ಹೊಲಿಯೋ ಗತಿ ನಮ್ಮನೆ ಹೆಣ್ಣುಮಕ್ಕಳಿಗೆ ಬಂದಿಲ್ಲ. ಅವಳು ನಾಳೆ ಊರಿಗೆ ಹೋಗ್ತಾಳೆ."

"ಹೌದಾ? ಬಂದ್ಮೇಲೆ ಹೇಳಿ ಹಾಗಾದ್ರೆ."

"ಬರಲ್ಲ."

ಸರ್ವಮಂಗಳಾ ಕಾಫಿಯ ಲೋಟವನ್ನು ನಾದಿನಿಯ ಕೈಗಿಟ್ಟು ಹೊರಗೆ ಕಳಿಸಿದಳು. ಸಿದ್ದಲಿಂಗಮ್ಮ ಬಗ್ಗಿ ಲೋಟವಿಟ್ಟಳು. ಕೋಟು ಅವನ ತೊಡೆಯ ಮೇಲಿತ್ತು. ಕಾಲರಿನ ಅಂಚು ಸವೆದು ಬಿಳಿಚಿತ್ತು, ಒಳಮೈ ಗಟ್ಟಿಯಾಗಿತ್ತು. ಮೊದಲು ಕಾಲರು ಬಿಚ್ಚಬೇಕು, ಆಮೇಲೆ ತೋಳು. ಅವಳ ಬೆರಳು ತಾನಾಗಿಯೇ ಮುಂದಕ್ಕೆ ಹೋಯಿತು.

"ಒಳಗೆ ಹೋಗು" ಎಂದ ಅಣ್ಣ.

ಅವಳು ಒಳಗೆ ಹೋದಳು.