ಗುಡ್ಡದ ಸೆರಗಿಗೆ ಕಲ್ಲು

ಗುಡ್ಡಕ್ಕೆ ಕೆಂಪು ಸೀರೆ ಉಡಿಸಿದವಳು ನಮ್ಮಜ್ಜಿ ಗಂಗಾಂಬಿಕೆ. "ಮಳೆ ಬಂದಾಗೆಲ್ಲ ಅವ್ಳ ಸೀರೆ ಜಾರ್ತದೆ ಕಣಮ್ಮಿ. ಅದ್ಕೇ ಸೆರಗಿನ ಮ್ಯಾಲೆ ಕಲ್ಲು ಮಡಗಾದು" ಅನ್ನುತ್ತಿದ್ದಳು. ಸೀರೆಯೆಂದರೆ ಗುಡ್ಡದ ಕೆಮ್ಮಣ್ಣು. ಸೆರಗೆಂದರೆ ಹರವೆ ಊರಿನ ಕಡೆಯ ನಮ್ಮ ಇಳಿಜಾರು ಹೊಲ. ಕಲ್ಲೆಂದರೆ ಹೊಲಕ್ಕೆ ಅಡ್ಡಲಾಗಿ ಮಲಗಿದ ಒಡ್ಡು. ನಮ್ಮ ಮನೆಗೆ ಬಂದ ಸೊಸೆ ತವರಿನ ಹೊಲದಿಂದ ಒಂದು ಕಲ್ಲು ತಂದು ಆ ಒಡ್ಡಿಗೆ ಸೇರಿಸಬೇಕು. ಮನೆಯಲ್ಲಿ ಹುಟ್ಟಿದ ಹೆಣ್ಣು ಮದುವೆಯಾಗಿ ಹೋಗುವಾಗ ಇಲ್ಲಿಂದ ಒಂದು ಕಲ್ಲು ಒಯ್ಯಬೇಕು. ನನ್ನ ಕಲ್ಲನ್ನು ಅಜ್ಜಿ ಸಾಯುವ ಮೊದಲೇ ಆರಿಸಿ, ಹೊಲದ ಮೂಲೆಯ ಹುಣಸೆ ಬುಡದಲ್ಲಿ ಇಟ್ಟಿದ್ದಳು. ಕುಂಬಳಕಾಯಿ ಗಾತ್ರದ್ದು, ಮೈಮೇಲೆ ಬಿಳಿ ಗೆರೆ.

ಅಪ್ಪ ತೀರಿಕೊಂಡ ಮೇಲೆ ಬೇಸಾಯವೆಲ್ಲ ಸೋಮೇಶ್ ಚಿಕ್ಕಪ್ಪನದು. ಈ ಸಲ ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟರು. ಗುತ್ತಿಗೆಯವರಿಗೆ ಗುಡ್ಡದಿಂದ ತಗ್ಗಿಗೆ ನೇರ ಪಾತಿ ಬೇಕಂತೆ, ಒಡ್ಡು ಅಡ್ಡವಂತೆ. ಬೆಳಿಗ್ಗೆಯೇ ಜೆಸಿಬಿ ಬಂತು.

ನಾನು ಹೋಗಿ ಒಡ್ಡಿನ ಮೇಲೆ ಕೂತೆ.

"ಏಳಮ್ಮಿ. ಅಜ್ಜಿ ಕತೆ ನೆನೆಸ್ಕಂಡು ಕೂರೋ ಒತ್ತಾ ಇದು?"

"ಪಕ್ಕದ ಹೊಲ ನೋಡಿ ಚಿಕ್ಕಪ್ಪ."

ಪಕ್ಕದವರು ಒಡ್ಡು ಕಿತ್ತಿದ್ದರು. ಈಗಲ್ಲಿ ಆಳು ಮುಳುಗುವಷ್ಟು ಕೊರಕಲು. ಕೆಮ್ಮಣ್ಣೆಲ್ಲ ತಗ್ಗಿನ ಎರೆಹೊಲಕ್ಕೆ ಇಳಿದುಹೋಗಿ, ಮೇಲೆ ಉಳಿದಿದ್ದು ಬರೀ ಗರಸು. ಅದರಡಿಗೆ ಮೂಳೆಯಂತೆ ಬಂಡೆ.

"ಮಣ್ಣೋದ್ರೆ ಗೊಬ್ಬರ ಒಡ್ಸನ ಬುಡು."

"ಎಲ್ಲಿಗೆ? ಬಂಡೆ ಮ್ಯಾಲಕಾ?"

ಜೆಸಿಬಿ ಓಡಿಸುವ ಗಣೇಶ ಕಿಸಕ್ಕನೆ ನಕ್ಕ. ಚಿಕ್ಕಪ್ಪನಿಗೆ ರೇಗಿತು. "ಇನ್ನೊಬ್ರ ಮನೆಗೋಗೋ ಎಣ್ಣು ನೀನು! ಈ ಒಡ್ಡಲ್ಲಿ ನಿಂದೊಂದು ಕಲ್ಲದಾ? ತೋರ್ಸು, ಗಾಡಿ ವಾಪಸ್ ಕಳಿಸ್ಬುಡ್ತೀನಿ."

ಇರಲಿಲ್ಲ. ಎದ್ದೆ. ಸೋತು ಎದ್ದಳೆಂದುಕೊಂಡು ಅವರು ಗಣೇಶನಿಗೆ ಕೈ ಬೀಸಿದರು. ನಾನು ಹುಣಸೆ ಬುಡಕ್ಕೆ ಹೋಗಿ, ಬಿಳಿ ಗೆರೆಯ ಕಲ್ಲನ್ನು ಹೊಟ್ಟೆಗೆ ಆನಿಸಿಕೊಂಡು ಏದುಸಿರು ಬಿಡುತ್ತ ತಂದು, ಒಡ್ಡಿನ ಸಂದಿಯಲ್ಲಿ ಕೂರಿಸಿದೆ.

"ಏಯ್, ಅದು ಗಂಡನ ಮನೆಗೆ ಒಯ್ಯೋ ಕಲ್ಲು!"

"ಇನ್ಮ್ಯಾಲೆ ಇಲ್ಲೇ ಇರ್ತದೆ. ನನ್ನ ಕೇಳ್ಕೊಂಡು ಬರೋನು ಅವರೂರಿಂದ ಒಂದು ಕಲ್ಲು ಒತ್ಕೊಂಡು ಬರ್ಲಿ."

ಅಷ್ಟರಲ್ಲಿ ತಿಂಡಿ ತಂದ ಸುಧಾಮಣಿ ಚಿಕ್ಕಮ್ಮ ಬುತ್ತಿಯನ್ನು ನೆಲಕ್ಕಿಟ್ಟು, ನನ್ನ ಪಕ್ಕ ಕೂತರು. ಗಂಡನ ಕಡೆ ನೋಡಿ, "ಉಮ್ಮತ್ತೂರಿಂದ ನಾನು ತಂದ ಕಲ್ಲೂ ಇಲ್ಲೇ ಅದೆ. ಕೀಳ್ಸಿ ನೋಡನ. ಅದ್ನ ಕಂಕುಳಲ್ಲಿ ಇಟ್ಕಂಡು ಇವತ್ತೇ ಬಸ್ ಅತ್ತೀನಿ" ಅಂದರು.

ಗಣೇಶ ಇಂಜಿನ್ ಆರಿಸಿದ. "ಅಣ್ಣ, ನೀವು ಒಸಿ ಮಾತಾಡ್ಕಳಿ. ಡೀಸೆಲ್ ಸುಮ್ನೆ ಉರೀತದೆ."

ಚಿಕ್ಕಪ್ಪ ಟವಲಿನಿಂದ ಕತ್ತು ಒರೆಸಿಕೊಂಡರು. "ಶುಂಠಿಯೋರ್ಗೆ ಏನೇಳನ?"

"ಪಾತಿ ಅಡ್ಡಕ್ಕೆ ಆಕ್ಲಿ ಅನ್ನಿ. ಆಗ್ದಿದ್ರೆ ಬ್ಯಾರೆ ಗುಡ್ಡ ನೋಡ್ಕಳ್ಳಿ" ಅಂದೆ.

ಚಿಕ್ಕಪ್ಪ ಗಣೇಶನಿಗೆ ಗಾಡಿ ತಿರುಗಿಸು ಅಂತ ಕೈಸನ್ನೆ ಮಾಡಿದರು. ಅದು ರಸ್ತೆ ಮುಟ್ಟುವವರೆಗೂ ನಾವಿಬ್ಬರೂ ಏಳಲಿಲ್ಲ.